ಗಂಗೆಯ ಸಾಲಿನ ಹೋರಿ

ಅಮೃತಮಹಲ್ ದನಗಳ ವಂಶ ಹುಡುಕಲು ಹೊರಟ ದಿನವೇ ದನಗಳ ಇಲಾಖೆಯ ವೆಂಕಟಸುಬ್ಬಯ್ಯ ಒಂದು ನಿಯಮ ಹಾಕಿಕೊಂಡಿದ್ದ. ದನ ಎದುರಿಗೆ ನಿಂತಿರಬೇಕು, ಅದನ್ನು ಮೇಯಿಸುವವನು ಪಕ್ಕದಲ್ಲಿರಬೇಕು, ಆಗಲೇ ಪ್ರಶ್ನೆ. ಕೋಡು, ಕೊರಳಡಿಯ ಗಂಗೆದೊಗಲು, ಕಿವಿಯೊಳಗಿನ ಬಣ್ಣ ಎಲ್ಲವನ್ನೂ ಕಣ್ಣಾರೆ ನೋಡಿ, ಆಮೇಲೆ ಇದರ ತಾಯಿ ಯಾರು ಎಂದು ಕೇಳುತ್ತಿದ್ದ. ಕಾಲೇಜಿನಲ್ಲಿ ವಿಜ್ಞಾನ ಓದಿದವನಿಗೆ ದನ ಕಾಣದ ಕಡೆ ದನದ ಮಾತು ಬರೆಯುವುದು ಸರಿಬರುತ್ತಿರಲಿಲ್ಲ.

ಎರಡು ವರ್ಷ ಹೀಗೆ ಸರ್ಕಾರಿ ಹುಲ್ಲುಗಾವಲುಗಳಲ್ಲಿ, ಕಾವಲಿನಿಂದ ಕಾವಲಿಗೆ ಅಲೆದು ಅವನು ಹಿಡಿದದ್ದು ಒಂದೇ ಒಳ್ಳೆಯ ಸಾಲು. ಚೌಳಹಿರಿಯೂರಿನ ಬಳಿಯ ಕಾವಲಿನಲ್ಲಿ ಗಂಗೆ ಎಂಬ ಹಸು. ಅದರ ತಾಯಿ, ಅಜ್ಜಿ, ಅಜ್ಜಿಯ ತಾಯಿ ಎಲ್ಲರೂ ಗಂಗೆಯರೇ. ದನಗಾಹಿ ಈರಣ್ಣನ ಮನೆಯವರು ತಲೆತಲಾಂತರದಿಂದ ಅವುಗಳ ಹಿಂದೆ ನಡೆದವರು. ಆ ಸಾಲಿನಲ್ಲಿ ಉಳಿದಿದ್ದ ಒಂದೇ ಹೋರಿ ಸೋಮ. ಅಜ್ಜಂಪುರದಲ್ಲಿ ಕಟ್ಟಲಿದ್ದ ತಳಿಯ ಮೂಲ ಹಿಂಡಿಗೆ ಅದು ಹೋಗಬೇಕೆಂಬುದು ವೆಂಕಟಸುಬ್ಬಯ್ಯನ ಆಸೆ. ತಾಯಿಯ ಕಡೆಯಿಂದ ಮೂರು ತಲೆಮಾರು ಗೊತ್ತಿಲ್ಲದ ಹೋರಿಗಳನ್ನೆಲ್ಲ ಬೀಜ ಒಡೆಸಿ ಎತ್ತು ಮಾಡಬೇಕೆಂದು ಸೂಪರಿಂಟೆಂಡೆಂಟರ ಹುಕುಂ ಆಗಿತ್ತು. ಅವರು ಸೋಮವಾರದ ರೈಲಿಗೆ ಶಿವನಿಯಲ್ಲಿ ಇಳಿಯುವವರಿದ್ದರು.

ಭಾನುವಾರ ಮಧ್ಯಾಹ್ನ ಮೋಡ ಸರಿದು ಬಿದ್ದ ಬಿಸಿಲು ತಡೆಯಲಾರದೆ ಅವನು ಸಿದ್ದಪ್ಪನ ತೆಂಗಿನ ತೋಟದಲ್ಲಿ ಕುಳಿತ. ಕಾವಲಿನ ಅಂಚಿಗೇ ಹೊಲವಿದ್ದ ಸಿದ್ದಪ್ಪ ಎಳನೀರು ಕೆತ್ತಿಕೊಡುತ್ತ ಊರಿನ ಸುದ್ದಿಯೆಲ್ಲ ಹೇಳಿದ. ನಾಲ್ಕು ವರ್ಷದ ಹಿಂದೆ ದನಗಳಿಗೆ ದೊಡ್ಡರೋಗ ಬಂದದ್ದು, ಕಾವಲಿನಲ್ಲಿ ರಣಹದ್ದುಗಳು ಹಾರಲಾರದಷ್ಟು ತಿಂದು ಕುಳಿತದ್ದು, ತಬ್ಬಲಿ ಕರುಗಳಿಗೆ ಸತ್ತ ಕರುಗಳ ಚರ್ಮ ಹೊದಿಸಿ, ಕರು ಸತ್ತ ಹಸುಗಳು ತಮ್ಮದೆಂದು ಹಾಲೂಡುವಂತೆ ಹಚ್ಚಿದ್ದು. ಈರಣ್ಣ ಆ ಕೆಲಸದಲ್ಲಿ ಬಲು ಗಟ್ಟಿಗ, ಗಂಗೆಯಂಥ ಒದೆಯುವ ಹಸುವಿಗೇ ಕರು ಹಚ್ಚಿಬಿಟ್ಟ ಎಂದು ಹೊಗಳಿದ.

ವೆಂಕಟಸುಬ್ಬಯ್ಯ ಎಳನೀರಿನ ಬುರುಡೆಯನ್ನು ಅರ್ಧಕ್ಕೇ ಕೆಳಗಿಟ್ಟ. ಸೋಮನಿಗೂ ನಾಲ್ಕೇ ವರ್ಷ.

ಅವನು ಕಾವಲಿಗೆ ಓಡಿದಂತೆಯೇ ನಡೆದ. ಈರಣ್ಣ ಕಂಬಳಿ ಹೊದ್ದು ಗಂಗೆಯ ಮಗ್ಗುಲಲ್ಲೇ ನಿಂತಿದ್ದ. ಸೋಮನನ್ನು ಹೆತ್ತದ್ದು ಯಾರು ಎಂದು ಕೇಳಿದರೆ, ಗಂಗೆಯ ಬೆನ್ನು ಸವರುತ್ತ, ಇವಳೇ ಎಂದ. ಚರ್ಮ ಹೊದಿಸಿದ ಮಾತೆತ್ತಿದ ಕೂಡಲೇ ಅವನ ಮುಖ ಬಿಗಿಯಿತು. ವೆಂಕಟಸುಬ್ಬಯ್ಯನ ತೋಳು ಹಿಡಿದು ದೂರ ಎಳೆದುಕೊಂಡು ಹೋದ. ಇಲಾಖೆಯವರನ್ನು ಮುಟ್ಟಿದವನೇ ಅಲ್ಲ ಅವನು.

"ಏನ್ ಬುದ್ಧಿ ನೀವು, ಅವಳ ಎದುರಿಗೇ ಕೇಳೋದಾ?"

"ಕೇಳಿದ್ರೆ ಏನಾಯ್ತು?"

"ಇನ್ನೊಬ್ಬಳ ಕರು ಅಂತ ಕಿವಿಗ್ ಬಿದ್ರೆ ಹಾಲು ಇಳಿಸ್ತಾಳಾ? ಒದ್ದು ಓಡುಸ್ತಾಳೆ. ಆಮೇಲೆ ತನ್ನ ಹೊಟ್ಟೇಲಿ ಹುಟ್ಟಿದ್ದನ್ನೂ ನಂಬಲ್ಲ. ನಮ್ ಅಪ್ಪನ ಕಾಲದಿಂದ್ಲೂ ಯಾರೂ ಬಾಯಿ ಬಿಟ್ಟಿಲ್ಲ."

ವೆಂಕಟಸುಬ್ಬಯ್ಯ ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದ. ಹಾಗಾದರೆ ತಾನು ಎರಡು ವರ್ಷ ಕೇಳಿದ್ದೆಲ್ಲ ಹಸುಗಳ ಎದುರಿಗೇ. ಬಂದ ಉತ್ತರಗಳೆಲ್ಲ ಹಸುಗಳ ಮನಸ್ಸು ನೋಯದಂತೆ ಹೇಳಿದವು. ಯಾವುದು ಹೆತ್ತದ್ದು, ಯಾವುದು ಹಚ್ಚಿದ್ದು ಎಂದು ಯಾವ ಕಾವಲಿನಲ್ಲೂ ಅವನಿಗೆ ಗೊತ್ತಿಲ್ಲ. ಹಾಲು ಕುಡಿದ ಕರುವಿಗೆ ಹಾಲು ಕೊಟ್ಟವಳ ಹೆಸರೇ ನಿಲ್ಲುತ್ತದೆಯೆಂದರೆ, ಆ ನಾಲ್ಕು ತಲೆಮಾರಿನ ಗಂಗೆಯರಲ್ಲಿ ಯಾರು ಯಾರ ಮಗಳೋ.

ಈರಣ್ಣನ ಮೇಲೆ ರೇಗಿದ. ಈಗಲಾದರೂ ಹೇಳು, ಸೋಮ ಯಾರ ಕರು ಎಂದು ಕೇಳಿದರೆ, ಈರಣ್ಣ ಗಾಳಿಯ ಕಡೆ ಮುಖ ತಿರುಗಿಸಿ ತಲೆಯಾಡಿಸಿದ. ಪಡುವಣ ಗಾಳಿ, ಮಾತು ಸೀದಾ ಹಿಂಡಿಗೇ ಹೋಗುತ್ತದೆ, ನಾಳೆ ಹೇಳುತ್ತೇನೆ ಎಂದ. ಆಷಾಢದಲ್ಲಿ ಪಡುವಣ ಗಾಳಿ ನಾಳೆಗೆ ನಿಲ್ಲುವುದೆಲ್ಲಿ ಬಂತು! ವೆಂಕಟಸುಬ್ಬಯ್ಯ ಹಲ್ಲು ಕಚ್ಚಿಕೊಂಡು, ಹಿಂಡನ್ನು ಸುತ್ತು ಹಾಕಿ, ಅವನನ್ನು ಮೂಡಣ ದಿಕ್ಕಿನ ಬಂಡೆಯ ಹತ್ತಿರ ನಿಲ್ಲಿಸಿದ. ಇಲ್ಲಿಂದ ಮಾತು ಹಿಂಡಿಗೆ ಹೋಗುವುದಿಲ್ಲ ಎಂದು ಅವನಿಗೆ ತಾನೇ ತಿಳಿಸಿ ಹೇಳಬೇಕಾಯಿತು.

ಅಲ್ಲಿ ಈರಣ್ಣ ಹೇಳಿದ. ಗಂಗೆಯ ಹೊಟ್ಟೆಯ ಕರು ಹುಟ್ಟಿದ ವಾರಕ್ಕೇ ಸತ್ತಿತ್ತು. ಆಗ ತಬ್ಬಲಿಯಾಗಿ ಉಳಿದಿದ್ದವು ಎರಡು ಹೋರಿಗರು. ಒಂದು ಈ ಕಾವಲಿನ ಹಳೆಯ ಹಸು ಮಲ್ಲಿಯದು, ಇನ್ನೊಂದು ತರೀಕೆರೆಯ ದಾರಿಯಲ್ಲಿ ಬಂದು ಸೇರಿಕೊಂಡ ಯಾರದೋ ಬೀಡಾಡಿ ಹಸುವಿನದು. ಸತ್ತ ಕರುವಿನ ಚರ್ಮ ಹರಿದು ಎರಡಕ್ಕೂ ಹೊದಿಸಿ ಹಚ್ಚಿ ನೋಡಿದರು. ಗಂಗೆ ಒಂದನ್ನು ನೆಕ್ಕಿದಳು, ಇನ್ನೊಂದು ಸತ್ತಿತು.

"ಯಾವುದನ್ನ ನೆಕ್ಕಿದ್ದು?"

"ಚರ್ಮ ಹೊದಿಸಿತ್ತಲ್ಲ ಬುದ್ಧಿ, ಎರಡೂ ಒಂದೇ ಥರ ಕಾಣ್ತಿದ್ವು. ಅವಳು ತನ್ನದು ಅಂದ್ಲು. ಆಮೇಲೆ ನಾವ್ಯಾಕೆ ಕೇಳಾಣ?"

ವೆಂಕಟಸುಬ್ಬಯ್ಯ ಸೀಸದಕಡ್ಡಿ ತೆಗೆದು ವಂಶದ ಪುಸ್ತಕ ಬಿಡಿಸಿದ. ಸುಮ್ಮನೆ ಮಲ್ಲಿಯ ಮಗ ಎಂದು ಬರೆದುಬಿಡಬಹುದಿತ್ತು. ಮಲ್ಲಿಗೂ ಮೂರು ತಲೆ ಸಿಗುತ್ತಿತ್ತು, ಸೋಮನೂ ಉಳಿಯುತ್ತಿತ್ತು. ಆದರೆ ಅಜ್ಜಂಪುರದ ಹಿಂಡು ಮುಂದೆಷ್ಟು ಕಾಲ ಈ ಹೋರಿಯ ರಕ್ತವನ್ನು ನಂಬಿಕೊಂಡು ನಡೆಯಬೇಕೋ ಎಂದು ಯೋಚಿಸಿದಾಗ ಕೈ ಬರಲಿಲ್ಲ. ತಾಯಿ ತಿಳಿಯದು ಎಂದು ಬರೆದ. ಬರೆದ ಮೇಲೆ ಸೀಸದಕಡ್ಡಿಯನ್ನು ಬಂಡೆಗೆ ಒತ್ತಿ ಮುರಿದ.

ಮರುದಿನ ಸೂಪರಿಂಟೆಂಡೆಂಟರು ಬಂದು, ದನಗಳನ್ನು ಎದುರಿಗೆ ನಿಲ್ಲಿಸಿಕೊಂಡು ಒಂದೊಂದರ ವಿವರ ಓದಿಸಿದರು. ಅದೂ ವೆಂಕಟಸುಬ್ಬಯ್ಯನದೇ ನಿಯಮ, ಅವರಿಗೆ ಬಹಳ ಮೆಚ್ಚಿಗೆಯಾಗಿತ್ತು. ಸೋಮನ ಸರದಿ ಬಂದಾಗ ಗಂಗೆ ಎರಡು ಮಾರು ದೂರದಲ್ಲಿ ತನ್ನ ಈ ವರ್ಷದ ಕರುವಿನೊಂದಿಗೆ ನಿಂತಿದ್ದಳು. ಈರಣ್ಣ ಕೈಮುಗಿದಂತೆ ನೋಡಿದ. ವೆಂಕಟಸುಬ್ಬಯ್ಯ ದನಿ ತಗ್ಗಿಸಿ, ಇಂಗ್ಲಿಷಿನಲ್ಲಿ, ಬೇಗ ಬೇಗ ಓದಿದ. ಸೂಪರಿಂಟೆಂಡೆಂಟರು ಹೋರಿಯ ಹೆಗಲು ನೋಡಿ, ಪಾಪ ಎಂದು, ಎತ್ತಿನ ಸಾಲಿಗೆ ಕೈ ತೋರಿಸಿದರು.

ಸೋಮನನ್ನು ಹಗ್ಗ ಹಾಕಿ ಎಳೆದುಕೊಂಡು ಹೋಗುತ್ತಿದ್ದಾಗ, ಹಾಲಿಗೆ ಬಂದ ಕರುವನ್ನು ಗಂಗೆ ಒದ್ದಳು. ಗಲಾಟೆಗೆ ಬೆದರಿರಬೇಕು, ಇಲ್ಲವೇ ಕೆಚ್ಚಲಿಗೆ ನೊಣ ಕಡಿದಿರಬೇಕು. ವೆಂಕಟಸುಬ್ಬಯ್ಯನಿಗೆ ಕಾರಣಗಳು ಗೊತ್ತಿದ್ದವು. ಈರಣ್ಣ ಅವನನ್ನೇ ನೋಡುತ್ತಿದ್ದ.

"ಇಂಗ್ಲಿಷಿನಲ್ಲೇ ಓದಿದೆ ಕಣಯ್ಯ," ಎಂದ ವೆಂಕಟಸುಬ್ಬಯ್ಯ. ಅಷ್ಟು ಹೇಳಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಗಂಗೆ ಮತ್ತೊಮ್ಮೆ ಒದ್ದಳು.