ಹೇಳಿದ ದಿನ, ಕೊಟ್ಟ ದಿನ

ದರ್ಜಿಗಳ ಬೀದಿಯಲ್ಲಿ ‘ಗುರುವಾರ ಬನ್ನಿ’ ಎಂದರೆ ಗುರುವಾರ ಬಟ್ಟೆ ಸಿಗುತ್ತದೆ ಎಂದಲ್ಲ. ಗುರುವಾರ ಬಂದು ಇನ್ನೊಂದು ದಿನದ ಹೆಸರು ಕೇಳಿಕೊಂಡು ಹೋಗಿ ಎಂದು. ಇದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಹಾಗಿದ್ದ ಮೇಲೆ ಇವರು ಹೇಳುವುದೇಕೆ, ಅವರು ನಂಬಿದಂತೆ ತಲೆಯಾಡಿಸುವುದೇಕೆ? ಅರ್ಥಶಾಸ್ತ್ರದ ಎಂ.ಎ. ಕೊನೆಯ ವರ್ಷದ ಪ್ರಬಂಧಕ್ಕೆ ಟೀಚರ್ ಆರಿಸಿಕೊಂಡ ಪ್ರಶ್ನೆ ಇದು.

ಟೀಚರ್ ಎಂಬುದು ಸಹಪಾಠಿಗಳು ಇಟ್ಟ ಹೆಸರು. ಬೆಳಿಗ್ಗೆ ಪ್ರಾಥಮಿಕ ಶಾಲೆಯಲ್ಲಿ ಭಾಗಾಕಾರ ಹೇಳಿಕೊಟ್ಟು, ಸಂಜೆ ಕಾಲೇಜಿನ ಬೆಂಚಿನಲ್ಲಿ ತನ್ನ ತಂಗಿಯ ಮಕ್ಕಳ ವಯಸ್ಸಿನವರ ಪಕ್ಕ ಕೂರುತ್ತಿದ್ದಳು. ಪ್ರೌಢಶಾಲೆಯಲ್ಲಿ ಒಂದು ಹುದ್ದೆ ಖಾಲಿಯಾಗುವುದಿತ್ತು. ಈ ವರ್ಷವೇ ಪದವಿ ಕೈಗೆ ಬಂದರೆ ಅದು ಅವಳದು. ಬಾರದಿದ್ದರೆ ಮತ್ತೆ ಭಾಗಾಕಾರವೇ, ನಿವೃತ್ತಿಯವರೆಗೂ.

ವಿಷಯ ಕೇಳಿ ಪ್ರೊಫೆಸರ್ ಮೆಚ್ಚಿಕೊಂಡರು. ಜೊತೆಗೆ ಕಡ್ಡಿ ಮುರಿದಂತೆ ಒಂದು ಮಾತು ಹೇಳಿದರು.

“ಕದ್ದು ಬರ್ಕೊಳ್ಳೋ ಹಾಗಿಲ್ಲ. ಪ್ರತಿ ಅಂಗಡಿಯವರಿಗೂ ಏನು ಅಳೀತಿದೀರಿ ಅಂತ ಬಿಡಿಸಿ ಹೇಳಿ, ಒಪ್ಪಿಗೆ ತಗೊಳ್ಳಿ. ಅದಿಲ್ದೆ ನಾನು ಸಹಿ ಹಾಕಲ್ಲ.”

ಬಿಡಿಸಿ ಹೇಳುವುದು ಟೀಚರ್‌ಗೆ ನೀರು ಕುಡಿದಷ್ಟು ಸುಲಭ. ಆ ಬೀದಿಯಲ್ಲಿ ಅವಳ ಸೋದರಮಾವನ ಅಂಗಡಿಯೂ ಇತ್ತು. ಒಂದು ಭಾನುವಾರ ದರ್ಜಿಗಳನ್ನೆಲ್ಲ ಅಲ್ಲೇ ಸೇರಿಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮಾವನ ಕತ್ತರಿ ಮೇಜಿನ ಮೇಲೆ ಎರಡು ಗೆರೆ ಎಳೆದಳು. “ಇದು ನೀವು ಹೇಳಿದ ದಿನ. ಇದು ಕೊಟ್ಟ ದಿನ. ನಡುವೆ ಎಷ್ಟು ಅಂತರ ಅಂತ ನಾನು ದಿನಾ ಬಂದು ಬರ್ಕೋತೀನಿ. ಅಷ್ಟೇ.” ದರ್ಜಿಗಳು ಒಳ್ಳೆಯ ಮಕ್ಕಳಂತೆ ತಲೆಯಾಡಿಸಿದರು.

ಮಾರನೆಯ ವಾರದಿಂದ ಬೀದಿಯಲ್ಲಿ ಯಾರೂ ಕಂಡು ಕೇಳರಿಯದ ಸಂಗತಿ ನಡೆಯಿತು. ಸೋಮವಾರ ಎಂದ ಅಂಗಿ ಸೋಮವಾರವೇ ಬಂತು. ಸುಮ್ಮನೆ ವಿಚಾರಿಸಿ ಹೋಗೋಣವೆಂದು ಬಂದವರ ಕೈಗೆ ಇಸ್ತ್ರಿ ಹಾಕಿದ ಪ್ಯಾಂಟು ಬಂದು, ಅವರು ದುಡ್ಡು ತರಲು ಮನೆಗೆ ವಾಪಸು ಓಡಿದರು. ಅಂತರ ಎಂಬ ಅಂಕಣದ ಉದ್ದಕ್ಕೂ ಟೀಚರ್ ಸೊನ್ನೆ ಬರೆದಳು. ಮೊದಲ ವಾರ ಕಾಕತಾಳೀಯ ಎಂದುಕೊಂಡಳು. ಮೂರನೆಯ ವಾರವೂ ಸೊನ್ನೆಯೇ. ತಡದ ಕುರಿತ ಪ್ರಬಂಧ, ತಡವೇ ಇಲ್ಲ.

ಮಾವನನ್ನು ಹಿಡಿದು ಕೇಳಿದಳು. ಅವರು ಮಷೀನಿನಿಂದ ಕಾಲು ತೆಗೆಯದೆಯೇ ಹೇಳಿದರು.

“ನಮ್ಮ ಹುಡುಗಿ ಪರೀಕ್ಷೆ, ನಾವು ತಪ್ಪಿದ್ರೆ ಅವಳಿಗೆ ನಂಬರ್ ಕಡಿಮೆ ಆಗುತ್ತೆ ಅಂತ ಎಲ್ಲರಿಗೂ ಹೇಳಿದೀನಿ. ನೀನು ನಿಶ್ಚಿಂತೆಯಿಂದಿರು ಮಗಳೇ.”

“ಮಾವ, ನೀವು ಸರಿಯಾಗಿ ಕೊಟ್ರೇ ನಾನು ಫೇಲು.”

“ಅದ್ಯಾವ ಸೀಮೆ ಓದು ಅದು?”

“ತಡ ಯಾಕಾಗುತ್ತೆ ಅಂತಲೇ ನಾನು ಬರೀಬೇಕು. ಯಾವತ್ತಿನ ಹಾಗೇ ಇದ್ಬಿಡಿ ಮಾವ. ಒಂದೆರಡು ದಿನ ತಡ ಮಾಡಿದ್ರೂ ಸಾಕು.”

ಈಗ ಮಷೀನು ನಿಂತಿತು. “ಯಾವತ್ತಿನ ಹಾಗೆ ಅಂದ್ರೆ? ನಾನು ಯಾವತ್ತು ತಡ ಮಾಡಿದೀನಿ?”

ಮಾವನಿಗೆ ಇದಕ್ಕೆ ಉತ್ತರ ಹೇಳಿ ಉಳಿದವರು ಅವರ ಮನೆಯಲ್ಲಿ ಯಾರೂ ಇರಲಿಲ್ಲ.

“ನಿನ್ನ ಪುಸ್ತಕದಲ್ಲಿ ನನ್ನ ಹೆಸರಿಗೆ ಮಸಿ ಬಳೀಲಾ? ಎದುರುಗಡೆ ಕೋಟಣ್ಣ ನೋಡಿ ನಗಲಾ? ಹೋಗು, ಹೋಗಿ ಓದ್ಕೋ.”

ಕೋಟಣ್ಣ ಎದುರು ಅಂಗಡಿಯವರು. ಕೋಟು ಬಿಟ್ಟು ಬೇರೇನನ್ನೂ ಹೊಲಿಯದ ಗತ್ತಿನ ಮನುಷ್ಯ. ಮಾವ ತಪ್ಪುವವರೆಗೂ ತಾನು ತಪ್ಪಕೂಡದೆಂದು ಅವರೂ ಹಟ ಹಿಡಿದಿದ್ದರು. ಈ ಶಿಸ್ತಿಗೆ ದಂಡ ತೆತ್ತವರು ಗಿರಾಕಿಗಳು. ಹೇಳಿದ ದಿನ ಕೊಡಲೇಬೇಕಾದ್ದರಿಂದ ಅಂಗಡಿಗಳು ಹೊಲಿಗೆಗೆ ಹೊಸ ಬಟ್ಟೆ ಹಿಡಿಯುವುದನ್ನೇ ಬಿಟ್ಟವು. ಬಟ್ಟೆ ಚೀಲ ಹಿಡಿದು ಬೀದಿಯ ಈ ತುದಿಯಿಂದ ಆ ತುದಿಗೆ ಅಲೆದ ಹೆಂಗಸೊಬ್ಬಳು ಟೀಚರ್ ದಾರಿಗೆ ಅಡ್ಡ ನಿಂತಳು. “ನೀನೇ ಅಲ್ವಾ ತಾಯಿ ಇವರನ್ನ ಕೆಡಿಸಿದ್ದು? ಮುಂಚೆ ಸುಳ್ಳಾದ್ರೂ ಹೇಳ್ತಿದ್ರು, ಬಟ್ಟೆ ಇಟ್ಕೋತಿದ್ರು.”

ಕಾಲೇಜಿನಲ್ಲಿ ಪಕ್ಕದ ಬೆಂಚಿನ ಹುಡುಗ ಸುಲಭದ ದಾರಿ ತೋರಿಸಿದ. “ಟೀಚರ್, ಸೊನ್ನೆ ಇರೋ ಕಡೆ ನಾಲ್ಕು, ಆರು ಅಂತ ಹಾಕ್ಕೊಂಡು ಹೋಗಿ. ಯಾರು ಬಂದು ನೋಡ್ತಾರೆ?”

ಕೂತು ಹಾಕಿಯೂ ನೋಡಿದಳು. ಆದರೆ ಮಕ್ಕಳ ನಕಲನ್ನು ವರ್ಷಗಟ್ಟಲೆ ಹಿಡಿದ ಕಣ್ಣಿಗೆ ತನ್ನ ನಕಲೇ ಮೊದಲು ಕುಕ್ಕಿತು. ಹಾಳೆ ಹರಿದು, ಸೊನ್ನೆಗಳನ್ನೇ ಪ್ರೊಫೆಸರರ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಮಾವನ ಮಾತು ಬಂದಾಗ ಪ್ರೊಫೆಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕು ಬಂದ ನೀರು ಅದು.

“ನೀವು ನೋಡ್ತಿರೋದಕ್ಕೇ ಹೀಗಾಯ್ತು ಅಂತೀರಿ. ಇರಬಹುದು. ನೋಡೋದು ನಿಲ್ಲಿಸಿದ್ರೆ ಏನಾಗುತ್ತೆ ಅಂತ ತೋರಿಸಿ. ಆಗ ಇದೇ ಪ್ರಬಂಧ.”

ಟೀಚರ್ ಬೀದಿಗೆ ಹೋಗಿ, ಅಂಗಡಿಗೆ ಬಂದು ಬರೆಯುವ ಕೆಲಸ ಮುಗಿಯಿತೆಂದು ಎಲ್ಲರಿಗೂ ಹೇಳಿದಳು. ಮಾತು ನಿಜವೇ. ಆಮೇಲೆ ಅವಳು ನಿಂತದ್ದು ಅಂಗಡಿಯಲ್ಲಲ್ಲ, ಬೀದಿಯ ತುದಿಯ ಬಸ್ ನಿಲ್ದಾಣದಲ್ಲಿ. ಹೊಲಿಸಿದ ಬಟ್ಟೆ ಹಿಡಿದು ಬಂದವರನ್ನು ಕೇಳಿ, ಅವರ ಚೀಟಿಯಲ್ಲಿ ದರ್ಜಿ ಬರೆದ ದಿನ ನೋಡಿಕೊಳ್ಳುತ್ತಿದ್ದಳು. ಬೀದಿ ದೊಡ್ಡದೊಂದು ಉಸಿರು ಬಿಟ್ಟು ಮೊದಲಿನ ಹಾಗಾಯಿತು. ಎಲ್ಲರ ಬಟ್ಟೆಯನ್ನೂ ಹಿಡಿದರು, ಎಲ್ಲರಿಗೂ ಗುರುವಾರ ಎಂದರು, ಯಾರಿಗೂ ಗುರುವಾರ ಕೊಡಲಿಲ್ಲ. ಅಂಕಣ ತುಂಬಿತು. ಬೇಗ ಕೊಡುತ್ತೇನೆ ಎನ್ನದಿದ್ದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ. ಒಮ್ಮೆ ಬಟ್ಟೆ ಕತ್ತರಿಸಿದ ಮೇಲೆ ಎಲ್ಲಿಗೂ ಹೋಗಲಾರ. ಗಿರಾಕಿಗೂ, ನಿಜ ಹೇಳಿ ಬಟ್ಟೆ ವಾಪಸು ಕಳಿಸುವವರಿಗಿಂತ ಸುಳ್ಳು ಹೇಳಿ ಇಟ್ಟುಕೊಳ್ಳುವವರೇ ವಾಸಿ. ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತು.

ಉಳಿದದ್ದು ಒಂದೇ ತೊಡಕು. ಚೀಟಿ ನೋಡಿದ್ದಕ್ಕೂ ದರ್ಜಿಗಳ ಒಪ್ಪಿಗೆ ಬೇಕು. ಒಬ್ಬರು ಒಲ್ಲೆ ಎಂದರೆ ಬೀದಿಯೇ ಒಲ್ಲೆ ಎನ್ನುತ್ತದೆ. ಆ ಒಬ್ಬರು ಯಾರಾಗುತ್ತಾರೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಬರೆದದ್ದನ್ನೆಲ್ಲ ಮಾವನಿಗೆ ಓದಿ ಹೇಳಿ, ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಕೂತಳು.

“ಹೆಸರು ಹಾಕಿದೀಯಾ?”

“ಇಲ್ಲ ಮಾವ. ಹಾಕೋ ಹಾಗಿಲ್ಲ. ಅ, ಆ, ಇ, ಈ ಅಂತ ಅಂಗಡಿಗೊಂದು ಅಕ್ಷರ.”

“ಎಲ್ಲರಿಗಿಂತ ತಡ ಯಾವ ಅಕ್ಷರ?”

“ಊ.”

ಮಾವ ಬಾಗಿಲಿನಿಂದ ಎದುರು ಅಂಗಡಿಯನ್ನು ನಿಧಾನವಾಗಿ ನೋಡಿದರು. ಮುಖ ಅರಳಿತು. “ನಂಗೊತ್ತಿತ್ತು. ತಾ ಇಲ್ಲಿ, ಎಲ್ಲಿ ಸಹಿ ಹಾಕ್ಬೇಕು?”

‘ಊ’ ಮಾವನದೇ ಅಂಗಡಿ. ಟೀಚರ್ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹೆಸರು ಬಿಟ್ಟುಕೊಡುವುದು ನಿಯಮಕ್ಕೆ ವಿರುದ್ಧ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಲ್ಲ. ಆ ಬೀದಿಯಲ್ಲಿ ಎಲ್ಲರೂ ಪಕ್ಕದವನ ಹೆಗಲನ್ನೇ ನೋಡಿದರು. ಅವಳು ಓದಿ ಹೇಳುತ್ತ ಹೋದಂತೆ, ಸಂಜೆಯೊಳಗೆ ಅಂಗಡಿ ಅಂಗಡಿಯಲ್ಲೂ ಸಹಿ ಬಿತ್ತು. ಕೋಟಣ್ಣ ಸಹಿ ಹಾಕಿ, ಅವಳನ್ನು ಹತ್ತಿರ ಕರೆದು ದನಿ ತಗ್ಗಿಸಿದರು. “ಆ ‘ಊ’ ಯಾರು ಅಂತ ನಿಮ್ಮ ಮಾವನಿಗೆ ಮಾತ್ರ ಹೇಳ್ಬೇಡಮ್ಮ. ಪಾಪ, ನೊಂದ್ಕೋತಾರೆ.”

ಕೊನೆಯ ದಿನಕ್ಕೆ ಮೊದಲೇ ಪ್ರಬಂಧ ಪ್ರೊಫೆಸರರ ಮೇಜು ತಲುಪಿತು. ಅವರು ಒಪ್ಪಿಗೆಯ ಹಾಳೆಗಳನ್ನು ಒಂದೊಂದಾಗಿ ತಿರುವಿ ಹಾಕಿ ತಲೆಯೆತ್ತಿದರು.

“ಇಷ್ಟು ಬರೆದ ಮೇಲೂ ಒಬ್ರೂ ಬೇಡ ಅನ್ನಲಿಲ್ವಾ? ಹೇಗೆ ಒಪ್ಪಿಸಿದ್ರಿ?”

“ನಾನು ಒಪ್ಪಿಸಲಿಲ್ಲ ಸರ್. ಅವರಿಗೆ ಒಬ್ಬರ ಮೇಲೊಬ್ಬರಿಗೆ ಅಷ್ಟು ಭರವಸೆ.”

ಪ್ರೊಫೆಸರ್ ಪೆನ್ನು ತೆಗೆದರು. “ಇದನ್ನೂ ಅಡಿಟಿಪ್ಪಣಿಯಾಗಿ ಸೇರಿಸಿ,” ಎಂದು ಸಹಿ ಹಾಕಿದರು.