ವಸೂಲಿಗೆ ಹೋದ ಡ್ರಾಫ್ಟು

ಕನಕಮ್ಮ ಪಡಸಾಲೆಯ ಅರ್ಧ ನೆಲ ಸಾರಿಸಿದ್ದಳು, ಹೊರಗೆ ಸೈಕಲ್ ನಿಂತ ಸದ್ದಾಯಿತು. ಬ್ಯಾಂಕಿನ ಜವಾನ ರಹಮಾನಸಾಬ. ಬೇರೆ ಸಲವಾದರೆ ಓಣಿಯ ತುದಿಯಿಂದಲೇ, "ಚಾ ಇಡವ್ವಾ ಕನಕವ್ವಾ, ಗೋವಾದ ರೊಕ್ಕ ಜಮಾ ಆತು!" ಎಂದು ಕೂಗುತ್ತಿದ್ದವನು ಇವತ್ತು ಬಾಗಿಲಲ್ಲಿ ನಿಂತು ಬರೀ ಕೆಮ್ಮಿದ.

"ಮ್ಯಾನೇಜರ್ ಸಾಹೇಬ್ರು ಇದನ್ನ ಕೊಟ್ಟು ಬಾ ಅಂದ್ರು. ನಿನ್ನ ಡ್ರಾಫ್ಟು ವಾಪಸ್ ಬಂದೈತಿ."

ಅವಳ ಕೈತುಂಬ ಸಗಣಿ. ಲಕೋಟೆಯನ್ನು ಮಗಳು ಗಾಳೆಮ್ಮ ಇಸಿದುಕೊಂಡಳು.

ಗಂಡ ಅಂಬಪ್ಪ ಗೋವಾದಲ್ಲಿ ಮನೆ ಕಟ್ಟುವ ಗೌಂಡಿ. ಎರಡು ತಿಂಗಳಿಗೊಮ್ಮೆ ಅವನು ಕಳಿಸುವ ಡ್ರಾಫ್ಟಿನಿಂದಲೇ ಮನೆ ನಡೆಯಬೇಕು. ಅದರ ಹಣ ಬರಬೇಕಾದದ್ದು ಸಿಂಧನೂರಿನ ಇನ್ನೊಂದು ಬ್ಯಾಂಕಿನಿಂದ. ಮಸ್ಕಿಯ ಬ್ಯಾಂಕಿನವರು ವಸೂಲಿಗೆ ಕಳಿಸಿ, ವಾರ ಹತ್ತು ದಿನದಲ್ಲಿ ಅವಳ ಖಾತೆಗೆ ಹಾಕುತ್ತಿದ್ದರು. ಕನಕಮ್ಮನಿಗೆ ಓದು ಬಾರದು. ಬ್ಯಾಂಕಿನ ಚೀಟಿ ತುಂಬುವುದು ಮಗಳು, ಅವಳದು ಬರೀ ಹೆಬ್ಬೆಟ್ಟು.

"ಹೆಬ್ಬೆಟ್ಟು ಸರಿಯಾಗಿ ಮೂಡಿಲ್ಲೇನ್ರೀ ಮಾಮಾ?" ಕನಕಮ್ಮ ಕೇಳಿದಳು.

"ಹೆಬ್ಬೆಟ್ಟಿಂದಲ್ಲವ್ವಾ." ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಅದರಾಗ ಇರೋ ಹೆಸರು ನಿಂದಲ್ಲ. ನಮ್ಮೋರು ನೋಡಲಾರದ ಕಳಿಸಿಬಿಟ್ಟಾರ. ಯಾರ ಹೆಸರಿಗೈತೋ ಅವರಿಗೇ ಜಮಾ ಮಾಡಬೇಕು. ಇನ್ನೊಬ್ಬರಿಗೆ ಕೊಟ್ರ ಬ್ಯಾಂಕಿನೋರೇ ಕೈಯಿಂದ ತುಂಬಿಕೊಡಬೇಕಾಗತೈತಿ. ಕಾಯದೇನೇ ಹಂಗೈತಿ."

"ಕಳಿಸಿದಾವ ನನ್ನ ಗಂಡ ಅಲ್ಲೇನ್ರೀ?"

"ಅವನೇ ಕಳಿಸ್ಯಾನ. ಇನ್ನೊಂದು ಮನಿಗೂ ಕಳಿಸಾಕತ್ತಿರಬೇಕು, ಲಕೋಟಿ ಅದಲಿ ಬದಲಿ ಆಗ್ಯಾವ." ಅಂದವನು ನಾಲಿಗೆ ಕಚ್ಚಿಕೊಂಡ. "ನಿಂದು ಅಲ್ಲಿಗೆ ಹೋಗಿರತೈತಿ. ಬರತೈತಿ ಬಿಡವ್ವಾ."

ಚಾ ಕೇಳದೆ ಸೈಕಲ್ ಹತ್ತಿದ.

ಕನಕಮ್ಮನಿಗೆ ಅಳು ಬರಲಿಲ್ಲ. ಕೈಯ ಮೇಲಿನ ಸಗಣಿ ಒಣಗತೊಡಗಿತ್ತು. ನೀರು ಚಿಮುಕಿಸಿ, ಸಾರಿಸಿದ್ದ ಕಡೆಯನ್ನೇ ಇನ್ನೊಮ್ಮೆ ಸಾರಿಸಿದಳು. ಒಲೆಯ ಮೇಲೆ ಎಸರು ಉಕ್ಕಿ ಬೂದಿಗೆ ಬಿತ್ತು. ಕೇಳಿಸಿತು, ಏಳಲಿಲ್ಲ.

ಮಗಳು ಐದನೇ ಕ್ಲಾಸು. ಇಂಗ್ಲಿಷ್ ಅಕ್ಷರ ಕಲಿತದ್ದು ಈ ವರ್ಷವೇ. ಗೋಡೆಗೆ ಒರಗಿ ನಿಂತು, ಡ್ರಾಫ್ಟು ಬಿಚ್ಚಿ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟಳು.

"ಚೀಟಿ ತುಂಬೋ ದಿನಾನ ಈ ಹೆಸರು ನೋಡಿದ್ನಿ," ಅಂದಳು. "ಅಲ್ಲಿ ಬರದೋರು ತಪ್ಪ್ಯಾರಂತ ತಿಳಿದು, ಚೀಟ್ಯಾಗ ನಿನ್ನ ಹೆಸರೇ ಹಾಕಿದ್ನಿ."

ಕನಕಮ್ಮನ ಕೈ ನಿಂತಿತು. ತಲೆ ಎತ್ತಲಿಲ್ಲ.

"ಯವ್ವಾ, ಪೀರಮ್ಮ ಅಂದ್ರ ಯಾರಬೇ?"