ಹೋಬಾರ್ಟ್ ಕೇಳಿದ ಪ್ರಶ್ನೆ

ಶಾಲೆಯ ಒಳಾಂಗಣದ ಬಾಗಿಲನ್ನು ಹೊರಗಿನ ಜನ ದೂಡುತ್ತಿದ್ದರು. ಒಳಗಿನಿಂದ ಕ್ಲೋವಿಸ್ ಫ್ಯೂಗೇಟ್ ಬೆನ್ನು ಕೊಟ್ಟು ನಿಂತಿದ್ದ. ಬಾಸ್ಕೆಟ್‌ಬಾಲ್ ಆಡುವ ಜಾಗದಲ್ಲಿ ಕುರ್ಚಿ ಹಾಕಿ, ಅದೂ ಸಾಲದೆ ಗೋಡೆಯುದ್ದಕ್ಕೂ ಜನ ಒತ್ತೊತ್ತಿ ನಿಂತಿದ್ದರು. ಸಂಸದ ಕರೆದಿದ್ದ ಸಭೆಯಲ್ಲಿ ಜಾಗ ಸಿಗದವರು ಅವನ ಹೆಸರಿಗೆ ಬೈಗುಳ ಸೇರಿಸಿ ಹೊರಗೆ ಕೂಗುತ್ತಿದ್ದರು. ಒಂದು ಕಲ್ಲು ಬಂದು ಬಾಗಿಲ ಮೇಲಿನ ಗಾಜಿಗೆ ಬಡಿಯಿತು. ಚೂರುಗಳು ಕ್ಲೋವಿಸ್‌ನ ಕೆಂಪು ಟೋಪಿಯ ಮೇಲೆ, ಹೆಗಲ ಮೇಲೆ ಉದುರಿದವು. ಅವನು ಕೊಡವಿಕೊಳ್ಳಲೂ ಇಲ್ಲ.

ಪೂರ್ವ ಕೆಂಟಕಿಯ ಆ ಕಣಿವೆಯಲ್ಲಿ ಕಲ್ಲಿದ್ದಲ ಗಣಿಗಳು ಮುಚ್ಚುತ್ತ ಬಂದ ಮೇಲೆ ಕ್ಲೋವಿಸ್ ಲಾರಿ ರಿಪೇರಿಯ ಗ್ಯಾರೇಜು ಇಟ್ಟಿದ್ದ. ಆರೋಗ್ಯ ವಿಮೆಯ ಕಾಯ್ದೆ ಎಂದರೆ ಅವನಿಗೆ ಮೈ ಉರಿಯುತ್ತಿತ್ತು. ವಿಮೆ ಕೊಳ್ಳಲಾರದವನಿಗೆ ಸರ್ಕಾರವೇ ದಂಡ ಹಾಕುವುದೆಂದರೆ ಬಿದ್ದವನ ಬೆನ್ನಿಗೆ ಗುದ್ದಿದಂತೆ ಎನ್ನುತ್ತಿದ್ದ. ಅದನ್ನು ಬೇರುಸಮೇತ ಕೀಳುತ್ತೇವೆ ಎಂದ ರಿಪಬ್ಲಿಕನ್ ಸಂಸದ ವಿಟ್ಕಾಂಬ್‌ಗಾಗಿ ಚುನಾವಣೆಯಲ್ಲಿ ಹಳ್ಳದ ರಸ್ತೆಯುದ್ದಕ್ಕೂ ಫಲಕ ನೆಟ್ಟಿದ್ದ. ಈಗ ಪಕ್ಷ ಗೆದ್ದಿತ್ತು. ಕಾಯ್ದೆಯ ರದ್ದತಿ ವಾಷಿಂಗ್ಟನ್ನಿನಲ್ಲಿ ಮತಕ್ಕೆ ಬರಲಿತ್ತು. ಇವತ್ತಿನ ಸಭೆಯ ಕಾವಲಿಗೆ ಆಳು ಬೇಕೆಂದಾಗ ಪಕ್ಷದವರು ಮೊದಲು ಕರೆದದ್ದು ಅವನನ್ನೇ.

ಪ್ರಶ್ನೆ ಕೇಳುವವರ ಸಾಲಿನಲ್ಲಿ ಅವನ ಅಕ್ಕ ಇಮೋಜೀನಳ ಗಂಡ ಹೋಬಾರ್ಟ್ ಸೈಜ್‌ಮೋರ್ ನಿಂತದ್ದು ಕ್ಲೋವಿಸ್‌ಗೆ ಕಂಡದ್ದು ಗಾಜು ಒಡೆದ ಆ ಹೊತ್ತಿನಲ್ಲೇ. ಮೂಗಿಗೆ ಆಮ್ಲಜನಕದ ನಳಿಗೆ, ಪಕ್ಕದಲ್ಲಿ ಗಾಲಿಯ ಮೇಲೆ ಸಿಲಿಂಡರು. ಗಣಿಯೊಳಗೆ ಮುಪ್ಪಾದ ಮನುಷ್ಯ. ಕ್ಲೋವಿಸ್‌ಗೆ ಬಂಡೆ ಕೊರೆಯುವುದನ್ನು ಕಲಿಸಿದವನೂ ಅವನೇ.

"ಸ್ವಾಮಿ, ನಾನು ಜಗಳಕ್ಕೆ ಬಂದಿಲ್ಲ," ಎಂದ ಹೋಬಾರ್ಟ್. ನಾಲ್ಕು ಮಾತಿಗೊಮ್ಮೆ ಉಸಿರೆಳೆದುಕೊಳ್ಳಬೇಕಿತ್ತು. "ನನ್ನ ಎದೇಲಿ ಗಣಿ ಧೂಳು ತುಂಬಿದೆ. ಅದಕ್ಕೆ ಪರಿಹಾರ ಬರ್ತಾ ಇದೆ. ನಾನು ಸತ್ತ ಮೇಲೆ ಅದು ನನ್ನ ಹೆಂಡ್ತಿಗೆ ಹೋಗುತ್ತೆ. ಧೂಳಿನಿಂದಲೇ ಸತ್ತ ಅಂತ ಅವಳು ಡಾಕ್ಟರು, ವಕೀಲರು ಅಂತ ಅಲೆದು ಸಾಬೀತು ಮಾಡಬೇಕಿಲ್ಲ. ಆ ಮಾತು ಬರೆದಿರೋದು ನೀವು ಕೀಳ್ತೀನಿ ಅಂತಿರೋ ಕಾಯ್ದೆಯೊಳಗೇನೆ. ಅದನ್ನ ಕಿತ್ತರೆ ಇದೂ ಹೋಗುತ್ತಾ, ಇರುತ್ತಾ? ಅಷ್ಟು ಹೇಳಿ ಸಾಕು."

ಸಂಸದ ನಕ್ಕ. "ಕಲ್ಲಿದ್ದಲಿನ ಕುಟುಂಬಗಳ ಜೊತೆ ನಾನು ಯಾವತ್ತೂ ಇದ್ದೀನಿ, ಮುಂದೆಯೂ ಇರ್ತೀನಿ."

"ಹೋಗುತ್ತಾ, ಇರುತ್ತಾ?"

"ಕೂತ್ಕೊಳೋ ಮುದುಕಾ," ಎಂದು ಹಿಂದಿನಿಂದ ಯಾರೋ ಕೂಗಿದರು. "ಸರ್ಕಾರದ ಕೆಚ್ಚಲಿಗೆ ಬಾಯಿ ಹಾಕಿದ್ದು ಸಾಲದಾ?"

"ಅವನ ಶ್ವಾಸಕೋಶ ತಿಂದ ಕಂಪನಿ ನಿಮ್ಮಪ್ಪಂದಾ?" ಎಂದು ಇನ್ನೊಂದು ಮೂಲೆಯಿಂದ ಹೆಂಗಸೊಬ್ಬಳು ತಿರುಗಿಸಿ ಕೊಟ್ಟಳು. ಕುರ್ಚಿಗಳು ಕಿರುಗುಟ್ಟಿದವು. ಸಂಸದನ ಸಹಾಯಕ ಕ್ಲೋವಿಸ್‌ನತ್ತ ನೋಡಿ, ಮೈಕಿನ ಕಡೆಗೆ ಗದ್ದ ಎತ್ತಿದ.

ಕ್ಲೋವಿಸ್ ಬಾಗಿಲನ್ನು ಇನ್ನೊಬ್ಬನ ವಶಕ್ಕೆ ಬಿಟ್ಟು ನಡೆದು ಬಂದ. "ಸಾಕು ಭಾವ. ಕೇಳಿದ್ದಾಯ್ತಲ್ಲ."

"ಉತ್ತರ ಬಂತಾ?"

"ಬೇರೆಯವರೂ ಕೇಳಬೇಕು. ಮೈಕ್ ಕೊಡು."

ಹೋಬಾರ್ಟ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ದನಿ ತಗ್ಗಿಸಿಯೇ ಆಡಿದ. ಆದರೆ ಮೈಕು ಬಾಯಿಯ ಬಳಿಯೇ ಇತ್ತು. "ನಾನು ನಿನ್ನ ಅಕ್ಕನ ತುತ್ತಿನ ಮಾತು ಕೇಳ್ತಿದೀನಿ ಕಣೋ. ನೀನು ನೋಡಿದ್ರೆ ಇವನ ಬಾಗಿಲ ನಾಯಿ ಆಗಿ ನಿಂತಿದೀಯ."

ಸಭೆಗೆ ಸಭೆಯೇ ಕೇಳಿಸಿಕೊಂಡಿತು. ಅರ್ಧ ಜನ ನಕ್ಕರು. ಕ್ಲೋವಿಸ್‌ನ ಕಿವಿ ಕಾದವು. ಮೈಕು ಹಿಡಿದು ಎಳೆದ, ಹೋಬಾರ್ಟ್ ಬಿಡಲಿಲ್ಲ. ಆಗ ಕ್ಲೋವಿಸ್ ಅವನ ಪಕ್ಕೆಗೆ ಗುದ್ದಿದ. ತುಕ್ಕು ಹಿಡಿದ ಬೋಲ್ಟಿಗೆ ಸುತ್ತಿಗೆ ಕೊಟ್ಟಂಥ ಗಿಡ್ಡ ಏಟು, ಮೈಯ ಭಾರವೆಲ್ಲ ಅದರ ಹಿಂದೆ. ಕೈತಪ್ಪಿ ಬಿದ್ದ ಏಟಲ್ಲ ಅದು. ಅವನು ಹೊಡೆಯಬೇಕೆಂದೇ ಹೊಡೆದ.

ಹೋಬಾರ್ಟ್ ಸಿಲಿಂಡರಿನ ಸಮೇತ ಉರುಳಿದ. ನೆಲಕ್ಕೆ ಬಿದ್ದ ಮೈಕು ಸಭೆಯ ಕಿವಿ ಸೀಳುವಂತೆ ಕಿರುಚಿತು.

ಹೋಬಾರ್ಟ್‌ನ ಮಗ ಡೆಂಜಿಲ್ ಆಟ ನೋಡುವವರು ಕೂರುವ ಮೇಲಿನ ಮೆಟ್ಟಿಲಿನಿಂದ ಜನರ ತಲೆ, ಭುಜ ತುಳಿದುಕೊಂಡೇ ಇಳಿದ. ಮಡಚುವ ಕುರ್ಚಿಯೊಂದನ್ನು ಎತ್ತಿ ಸೋದರಮಾವನ ಬೆನ್ನಿಗೆ ಬಾರಿಸಿದ. ಕ್ಲೋವಿಸ್ ತಿರುಗಿ ಅವನ ಜುಟ್ಟು ಹಿಡಿದು ತಲೆಯನ್ನು ಮರದ ನೆಲಕ್ಕೆ ಕುಟ್ಟಿದ. ಅಷ್ಟರಲ್ಲಿ ಬಾಗಿಲು ಕಿತ್ತುಕೊಂಡು ಹೊರಗಿನವರು ನುಗ್ಗಿದರು. ಆಮೇಲೆ ಯಾರು ಯಾವ ಪಕ್ಷ ಎಂದು ನೋಡುವವರಿರಲಿಲ್ಲ. ಘೋಷಣೆಯ ಹಲಗೆಗಳ ಕೋಲು ಕಿತ್ತು ಬಡಿದರು. ಒಬ್ಬ ಇನ್ನೊಬ್ಬನ ಕಿವಿ ಕಚ್ಚಿದ. ಶಾಲೆಯ ಹಳೇ ಮೇಷ್ಟರು ಕನ್ನಡಕ ಹುಡುಕಲು ಬಗ್ಗಿದ್ದರು. ಅವರ ಬೆರಳ ಮೇಲೆ ಬೂಟುಗಾಲೊಂದು ಹಾದುಹೋಯಿತು. ಪೊಲೀಸರು ಸಂಸದನನ್ನು ಹಿಂದಿನ ಬಾಗಿಲಿನಿಂದ ದಾಟಿಸಿದರು. ಈ ಗಲಭೆಯ ನಟ್ಟನಡುವೆ ಇಮೋಜೀನ್ ನೆಲದ ಮೇಲೆ ಮಂಡಿಯೂರಿ, ಕಳಚಿದ ನಳಿಗೆಯನ್ನು ಗಂಡನ ಮೂಗಿಗೆ ಸಿಕ್ಕಿಸುತ್ತಿದ್ದಳು. ತಮ್ಮನ ಕಡೆ ಒಮ್ಮೆಯೂ ತಲೆ ಎತ್ತಲಿಲ್ಲ.

ಪೊಲೀಸಿನವನೊಬ್ಬ ಬಂದು ಯಾರು ಹೊಡೆದದ್ದೆಂದು ಕೇಳಿದಾಗ ಹೋಬಾರ್ಟ್ ಹೇಳಿದ: "ಯಾರೂ ಇಲ್ಲ. ನಳಿಗೆ ಕಾಲಿಗೆ ತೊಡರಿ ಬಿದ್ದೆ."

"ಅಷ್ಟು ಜನ ನೋಡಿದಾರಲ್ಲಪ್ಪ."

"ಹಾಗಾದ್ರೆ ಅವರನ್ನೇ ಕೇಳಿ. ಬಿದ್ದವನು ನಾನು."

ಮುರಿದದ್ದು ಎರಡು ಪಕ್ಕೆಲುಬು. ಗಟ್ಟಿ ಮನುಷ್ಯನಾಗಿದ್ದರೆ ನರಳಿಕೊಂಡು ಎದ್ದುಬಿಡುತ್ತಿದ್ದ. ಹೋಬಾರ್ಟ್‌ಗೆ ನೋವಿನಿಂದ ಕೆಮ್ಮಲಾಗಲಿಲ್ಲ. ಕೆಮ್ಮದೆ ಕಫ ಎದೆಯಲ್ಲೇ ನಿಂತು ನ್ಯುಮೋನಿಯಾ ಆಯಿತು. ಮಾರ್ಚ್ ಕೊನೆಯಲ್ಲಿ ರದ್ದತಿಗೆ ಸ್ವಂತ ಪಕ್ಷದವರದೇ ಮತ ಸಾಲದೆ, ಆ ಸಲಕ್ಕೆ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಕ್ಲೋವಿಸ್ ಆ ಸುದ್ದಿ ಕೇಳಿದ್ದು ಗ್ಯಾರೇಜಿನ ರೇಡಿಯೋದಲ್ಲಿ, ಲಾರಿಯ ಅಡಿ ಮಲಗಿಕೊಂಡು. ಅದೇ ವಾರ ಹೋಬಾರ್ಟ್ ಆಸ್ಪತ್ರೆಯಲ್ಲಿ ಸತ್ತ.

ಮಣ್ಣಿಗೆ ಕ್ಲೋವಿಸ್ ಹೋಗಲಿಲ್ಲ. ಸ್ಮಶಾನದ ದಿಬ್ಬದ ಕೆಳಗೆ ಲಾರಿ ನಿಲ್ಲಿಸಿಕೊಂಡು, ಮೇಲೆ ಹಾಡುವುದು ನಿಲ್ಲುವವರೆಗೂ ಕೂತಿದ್ದು ವಾಪಸಾದ.

ವಾರ ಕಳೆದು ಡೆಂಜಿಲ್ ಗ್ಯಾರೇಜಿಗೆ ಬಂದ. ಹಣೆಯ ಮೇಲಿನ ಹೊಲಿಗೆ ಇನ್ನೂ ಕೆಂಪಗಿತ್ತು. ಬಾಗಿಲಲ್ಲಿದ್ದ ಚಕ್ರ ಬಿಚ್ಚುವ ಕಬ್ಬಿಣ ಕೈಗೆತ್ತಿಕೊಂಡ.

"ಎದ್ದೇಳು ಮಾವ."

ಕ್ಲೋವಿಸ್ ಎದ್ದು ನಿಂತ. ಮೊದಲ ಏಟು ದವಡೆಗೆ ಬಿತ್ತು. ಹಲ್ಲು ಕಳಚಿ ನಾಲಿಗೆಯ ಮೇಲೆ ಬಂತು. ಎರಡನೆಯದು ಮೊಣಕಾಲಿಗೆ.

"ಕೈ ಎತ್ತು," ಎಂದ ಡೆಂಜಿಲ್. "ಅವತ್ತು ಎತ್ತಿದ ಕೈ ಎಲ್ಲಿ? ಎತ್ತು."

ಕ್ಲೋವಿಸ್ ಎತ್ತಲಿಲ್ಲ. ಡೆಂಜಿಲ್ ಹೆಗಲಿಗೆ ಹೊಡೆದ, ಬೆನ್ನಿಗೆ ಹೊಡೆದ, ಕೆಳಗೆ ಬಿದ್ದ ಮೇಲೆ ಕಾಲಿನಿಂದ ಒದ್ದ. ತಲೆಗೆಂದು ಎತ್ತಿದ ಕಬ್ಬಿಣ ಮೇಲೆಯೇ ನಿಂತಿತು. ಆಮೇಲೆ ಅದನ್ನು ಲಾರಿಯ ಗಾಜಿಗೆ ಎಸೆದು, ಎಣ್ಣೆ ನೆಲದ ಮೇಲೆ ಮಾವನ ಪಕ್ಕದಲ್ಲೇ ಕುಸಿದು ಏದುಸಿರು ಬಿಟ್ಟ.

"ಅಮ್ಮ ಕರೀತಿದಾಳೆ," ಎಂದ. "ನಿನ್ನ ಕರ್ಕೊಂಡು ಬಾ ಅಂತ ಕಳಿಸಿದ್ಲು."

"ಹೀಗೇ ಕರ್ಕೊಂಡು ಬಾ ಅಂದ್ಲಾ?"

"ಜೀವ ಇರಲಿ ಅಂದ್ಲು."

ಅಡುಗೆಮನೆಯಲ್ಲಿ ಇಮೋಜೀನ್ ತಮ್ಮನ ಮುಖ ನೋಡಿದಳು, ಮಗನ ಕೈ ನೋಡಿದಳು. ಒದ್ದೆ ಬಟ್ಟೆ ತಂದು ಕ್ಲೋವಿಸ್‌ನ ಮುಂದಿಟ್ಟಳು.

"ಪರಿಹಾರದ ಆಫೀಸಿಗೆ ಹೋಗಿದ್ದೆ," ಎಂದಳು. "ಯಜಮಾನರು ಹೋದರು ಅಂದೆ. ಪಾಪ, ಒಳ್ಳೆ ಹುಡುಗಿ, ಕೂರಿಸಿ ಕಾಫಿ ಕೊಟ್ಲು. ಯಾಕೆ ಸತ್ತರು ಅಂತ ಕೇಳಲೇ ಇಲ್ಲ. ಕೇಳಬೇಕಿಲ್ಲವಂತೆ, ಆ ಕಾಯ್ದೆ ಇನ್ನೂ ಇದೆಯಲ್ಲ."

ಕ್ಲೋವಿಸ್ ಬಟ್ಟೆಯನ್ನು ದವಡೆಗೆ ಒತ್ತಿಕೊಂಡ.

"ಕೇಳಿದ್ದಿದ್ರೆ ನಾನೇನು ಹೇಳಬೇಕಾಗಿತ್ತು, ಕ್ಲೋವಿಸ್?"

ಅವನು ಬಾಯಿ ತೆರೆದ. ರಕ್ತ ಬಂತು. ಇಮೋಜೀನ್ ಎದ್ದು, ತಮ್ಮ ಅಗಿಯಲಾರನೆಂದು ಮೆಕ್ಕೆಜೋಳದ ರೊಟ್ಟಿಯನ್ನು ಲೋಟಕ್ಕೆ ಪುಡಿಮಾಡಿ ಹಾಕಿ, ಮೇಲೆ ಮಜ್ಜಿಗೆ ಸುರಿದು, ಚಮಚ ಇಟ್ಟು ಅವನತ್ತ ತಳ್ಳಿದಳು. ಮಗನಿಗೂ ತಟ್ಟೆಯಲ್ಲಿ ಬೇಯಿಸಿದ ಬೀನ್ಸ್ ಕಾಳು, ರೊಟ್ಟಿ ಬಡಿಸಿದಳು.

ಮೇಜಿಗೆ ಇದ್ದದ್ದು ಮೂರೇ ಕುರ್ಚಿ. ಡೆಂಜಿಲ್ ಕೂರುತ್ತಿದ್ದ ಜಾಗದಲ್ಲಿ ಕ್ಲೋವಿಸ್ ಕೂತಿದ್ದ. ಖಾಲಿ ಉಳಿದದ್ದು ಕಿಟಕಿಯ ಬದಿಯ ಅಪ್ಪನ ಕುರ್ಚಿ. ಡೆಂಜಿಲ್ ಅದನ್ನು ಒಂದು ಕ್ಷಣ ನೋಡಿದ. ಆಮೇಲೆ ತಟ್ಟೆಯನ್ನು ಕೈಯಲ್ಲಿ ಹಿಡಿದು, ಒಲೆಗೆ ಒರಗಿ, ನಿಂತುಕೊಂಡೇ ಉಣ್ಣತೊಡಗಿದ.